ಡೀಸೆಲ್ ಲಾರಿಗಳ ಮನೆಮದ್ದು: ಒಂದು ವಿವೇಚನೆ

ಮುಂಬಯಿಯಿಂದ ಪುಣೆಯ ಕಡೆಗೆ ಹೊರಟವರು ಕಳಂಬೋಲಿಯನ್ನು ದಾಟುವಾಗ ರಸ್ತೆಯ ಬದಿಯಲ್ಲಿ ಸಾಲುಗಟ್ಟಿ ನಿಂತ ಲಾರಿಗಳನ್ನು ಕಾಣದೆ ಇರಲಾರರು. ಅವುಗಳಲ್ಲಿ ವಿಜಯಪುರ, ಬೆಳಗಾವಿ, ಹುಬ್ಬಳ್ಳಿಗಳಿಂದ ಬಂದವು ಕೆಲವಾದರೂ ಇರುತ್ತವೆ. ಕಳೆದ ಚಳಿಗಾಲದಲ್ಲಿ ಕಾರ್ಯಾಂತರದಿಂದ ಅಲ್ಲಿಗೆ ಹೋಗಿದ್ದಾಗ, ಇಂಡಿ ತಾಲೂಕಿನ ಚಾಲಕರೊಬ್ಬರು ತಮ್ಮ ಲಾರಿಯ ಡೀಸೆಲ್ ಟಾಂಕಿಗೆ ಒಂದು ಡಬ್ಬಿಯಿಂದ ಕರಿಯ ಎಣ್ಣೆಯನ್ನು ಸುರಿಯುತ್ತಿದ್ದುದನ್ನು ಕಂಡು ಕುತೂಹಲದಿಂದ ವಿಚಾರಿಸಿದೆನು. ಕನ್ನಡದ ಮಾತು ಕಿವಿಗೆ ಬಿದ್ದೊಡನೆ ಅವರ ಮುಖ ಅರಳಿತು. “ಈಗಿನ ಡೀಸೆಲ್ ಭಾಳ ಒಣಾ ಬರ್ತೈತ್ರೀ ಸರ. ಮೊದಲಿನ ಜಿಡ್ಡ ಇಲ್ಲ. ಪಂಪ್ ಸವೀತೈತಿ. ಅದಕ್ಕ ಇಂಜಿನದಾಗಿಂದ ತಗದ ಹಳೇ ಆಯಿಲ್ ಸೋಸಿ ಒಂದೀಟು ಹಾಕ್ತೀವಿ” ಎಂದರು.

ಇಂತಹ ಮಾತನ್ನು ಕೇಳಿದ ವಿದ್ಯಾವಂತನು ಸಾಮಾನ್ಯವಾಗಿ ನಕ್ಕು ಮುಂದೆ ಸಾಗುತ್ತಾನೆ. ಹಾಗೆ ನಗುವುದು ತಪ್ಪೆಂಬುದು ನನ್ನ ಅಭಿಪ್ರಾಯ. ‘ಒಣ ಡೀಸೆಲ್’ ಎಂಬ ಆ ಎರಡು ಶಬ್ದಗಳಲ್ಲಿ ಮೂವತ್ತು ವರ್ಷಗಳ ತೈಲರಸಾಯನದ ಚರಿತ್ರೆ ಅಡಗಿದೆ. ಚಾಲಕನು ಕಂಡ ರೋಗ ನಿಜವಾದುದು. ಅವನು ಹಾಕುವ ಮದ್ದೂ ಒಂದು ಕಾಲದಲ್ಲಿ ಮದ್ದಾಗಿಯೇ ಇದ್ದಿತು. ಇಂಧನವೂ ಎಂಜಿನ್ನೂ ಬದಲಾಗಿ, ಮದ್ದು ಮಾತ್ರ ಬದಲಾಗದೆ ಉಳಿದುದರಿಂದ ಅದು ಈಗ ಬೇರೊಂದು ಅಂಗವನ್ನು ಕೆಡಿಸುತ್ತಿದೆ. ಲಾರಿಗಳ ಮನೆಮದ್ದುಗಳಲ್ಲಿ ಬಹುತೇಕ ಎಲ್ಲವುಗಳ ಕಥೆಯೂ ಇದೇ.

ಇಲ್ಲಿ ಶಬ್ದಗಳ ಬಗ್ಗೆಯೂ ಒಂದು ಮಾತು. ತೈಲ ಶುದ್ಧೀಕರಣಾಗಾರದಲ್ಲಿ ಡೀಸೆಲಿಗೆ ಏನನ್ನಾದರೂ ಕೂಡಿಸಿದರೆ ಅದು ‘ಪೂರಕದ್ರವ್ಯ’ ಎನಿಸುತ್ತದೆ. ಚಾಲಕನು ಕೂಡಿಸಿದರೆ ‘ಮನೆಮದ್ದು’. ಬಂಕಿನವನು ಕೂಡಿಸಿದರೆ ‘ಕಲಬೆರಕೆ’. ಮೂವರೂ ಸುರಿದ ವಸ್ತು ಒಂದೇ ಆಗಿರುವುದೂ ಉಂಟು. ನೀತಿಯ ದೃಷ್ಟಿಯಿಂದ ಈ ಮೂರರ ಭೇದ ದೊಡ್ಡದು. ಆದರೆ ಎಂಜಿನ್ನಿಗೆ ಸುರಿದವರ ಉದ್ದೇಶ ತಿಳಿಯದು. ಪ್ರಮಾಣ ಮತ್ತು ಗುಣ ಮಾತ್ರ ತಿಳಿಯುತ್ತವೆ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲವೆಂಬುದು ವಾಚಕರಿಗೆ ತಿಳಿದ ವಿಷಯವೇ. ಗಾಳಿಯನ್ನು ಅದರ ಮೂಲಗಾತ್ರದ ಹದಿನಾರು ಹದಿನೆಂಟರಲ್ಲಿ ಒಂದು ಪಾಲಿಗೆ ಒತ್ತಿದಾಗ ಅದರ ಉಷ್ಣತೆ 500 ಡಿಗ್ರಿ ಸೆಲ್ಸಿಯಸನ್ನು ಮೀರುತ್ತದೆ. ಆ ಕಾದ ಗಾಳಿಯೊಳಕ್ಕೆ ಇಂಧನವನ್ನು ಮಂಜಿನಂತೆ ಸಿಂಪಡಿಸಿದೊಡನೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಆದುದರಿಂದ ಈ ಯಂತ್ರದ ಹೃದಯವೆಂದರೆ ಸಿಂಪಡಿಸುವ ಪಂಪು. ಭಾರತದ ಲಾರಿಗಳಿಗೆ ಈ ಪಂಪುಗಳನ್ನು ಬಹುಕಾಲ ಒದಗಿಸಿದ್ದು ನಮ್ಮ ಬೆಂಗಳೂರು. 1951ರಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯು ಆಡುಗೋಡಿಯ ಕಾರ್ಖಾನೆಯಲ್ಲಿ ಅವುಗಳನ್ನು ತಯಾರಿಸಿತು. 2008ರಲ್ಲಿ ಅದು ಬಾಷ್ ಎಂಬ ಹೆಸರನ್ನು ತಳೆದರೂ ಹಳೆಯ ಮೆಕ್ಯಾನಿಕ್ಕುಗಳ ಬಾಯಲ್ಲಿ ‘ಮೈಕೋ ಪಂಪು’ ಇನ್ನೂ ಮೈಕೋ ಪಂಪೇ. ಪಂಪಿನ ದಂಡಕ್ಕೂ ಅದರ ಕೊಳವೆಗೂ ನಡುವಿನ ಸಂದು ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲಿನಷ್ಟು ಮಾತ್ರ. ತಲೆಗೂದಲಿನ ದಪ್ಪ ಇದರ ಇಪ್ಪತ್ತು ಪಟ್ಟಿಗೂ ಮಿಗಿಲು. ಅಷ್ಟು ಕಿರಿದಾದ ಸಂದಿನಲ್ಲಿ ಉಕ್ಕು ಉಕ್ಕನ್ನು ತಿನ್ನದಂತೆ ಕಾಯುವುದು ಬೇರೆ ಯಾವುದೂ ಅಲ್ಲ, ಡೀಸೆಲ್ಲೇ.

ಹಳೆಯ ಪಂಪಿನಲ್ಲಿ ಕೆಳಗಿನ ಭಾಗಕ್ಕೆ ಎಂಜಿನ್ನಿನ ಕೀಲೆಣ್ಣೆಯ ಆಸರೆಯಿತ್ತು. ಒತ್ತಡವೂ ಕೆಲವು ನೂರು ವಾತಾವರಣಗಳಷ್ಟು ಮಾತ್ರ. ಇಂದಿನ ‘ಕಾಮನ್ ರೈಲ್’ ಪದ್ಧತಿಯಲ್ಲಿ ಒತ್ತಡ 1600ರಿಂದ 2000 ವಾತಾವರಣಗಳಿಗೆ ಏರಿದೆ. ಪಂಪು ತನ್ನ ಜಿಡ್ಡಿಗಾಗಿ ಹೆಚ್ಚಾಗಿ ಡೀಸೆಲನ್ನೇ ನಂಬಿದೆ. ನಂಬಿಕೆ ಹೆಚ್ಚಾದ ಕಾಲದಲ್ಲೇ ಡೀಸೆಲು ‘ಒಣಗಿತು’ ಎಂಬುದು ಇದರ ವೈಚಿತ್ರ್ಯ.

ಅದು ಒಣಗಿದ್ದು ಹೇಗೆ? 1990ರ ದಶಕದ ನಡುವಿನವರೆಗೆ ನಮ್ಮ ದೇಶದ ಡೀಸೆಲಿನಲ್ಲಿ ಗಂಧಕವು ನೂರಕ್ಕೆ ಒಂದು ಭಾಗದವರೆಗೂ ಇರಬಹುದಾಗಿತ್ತು. ಎಂದರೆ ಲಕ್ಷಕ್ಕೆ 1000 ಭಾಗ. ಮೆಟ್ಟಿಲು ಮೆಟ್ಟಿಲಾಗಿ ಇಳಿದು, 2017ರ ಏಪ್ರಿಲಿನಲ್ಲಿ ದೇಶಕ್ಕೆಲ್ಲ ಅನ್ವಯವಾದ ನಾಲ್ಕನೆಯ ಭಾರತ್ ಸ್ಟೇಜಿನಲ್ಲಿ ಲಕ್ಷಕ್ಕೆ 5 ಭಾಗವಾಯಿತು. 2020ರ ಏಪ್ರಿಲ್ 1ರಿಂದ ಆರನೆಯ ಸ್ಟೇಜಿನಲ್ಲಿ ಲಕ್ಷಕ್ಕೆ 1 ಭಾಗ. ಗಂಧಕವನ್ನು ತೆಗೆಯಲು ಡೀಸೆಲನ್ನು ಹೆಚ್ಚಿನ ಒತ್ತಡದಲ್ಲಿ ಜಲಜನಕದೊಡನೆ ಹಾಯಿಸುತ್ತಾರೆ. ಆಗ ಗಂಧಕದ ಜೊತೆಗೆ, ಸಾರಜನಕ ಮತ್ತು ಆಮ್ಲಜನಕಗಳನ್ನು ಹೊತ್ತು ಲೋಹದ ಮೈಗೆ ಅಂಟಿಕೊಳ್ಳುತ್ತಿದ್ದ ಕೆಲವು ಸೂಕ್ಷ್ಮ ಸಂಯುಕ್ತಗಳೂ ನಾಶವಾಗುತ್ತವೆ. ಜಿಡ್ಡಿನ ಗುಣವಿದ್ದುದು ಮುಖ್ಯವಾಗಿ ಇವುಗಳಲ್ಲಿ. ಗಂಧಕವೇ ಜಿಡ್ಡು ಎಂಬ ಗ್ಯಾರೇಜಿನ ನಂಬಿಕೆ ಅಷ್ಟು ಸರಿಯಲ್ಲ. ಸ್ವೀಡನ್ ದೇಶವು 1990ರ ದಶಕದ ಆರಂಭದಲ್ಲಿ ಗಂಧಕ ತೀರ ಕಡಿಮೆಯಿರುವ ಡೀಸೆಲನ್ನು ಬಳಕೆಗೆ ತಂದಾಗ ಅಲ್ಲಿ ಪಂಪುಗಳು ಅಕಾಲದಲ್ಲಿ ಸವೆದು ಕೆಟ್ಟವು. ಇಂಡಿಯ ಚಾಲಕರು ಹೇಳಿದ್ದನ್ನೇ ಸ್ವೀಡನ್ನಿನ ಎಂಜಿನಿಯರರು ಅಂದು ಕಂಡುಕೊಂಡರು.

ಆ ಅನುಭವದ ಫಲವಾಗಿ ಒಂದು ಪರೀಕ್ಷೆ ರೂಢಿಗೆ ಬಂದಿತು. 60 ಡಿಗ್ರಿಗೆ ಕಾಯಿಸಿದ ಡೀಸೆಲಿನಲ್ಲಿ ಮುಳುಗಿಸಿದ ಉಕ್ಕಿನ ತಗಡಿನ ಮೇಲೆ ಒಂದು ಉಕ್ಕಿನ ಗುಂಡನ್ನು 75 ನಿಮಿಷ ಉಜ್ಜುತ್ತಾರೆ. ಗುಂಡಿನ ಮೇಲೆ ಬಿದ್ದ ಸವಕಳಿಯ ಗುರುತು ಸುಮಾರು ಅರ್ಧ ಮಿಲಿಮೀಟರನ್ನು, ನಿಖರವಾಗಿ 460 ಮೈಕ್ರಾನನ್ನು, ಮೀರಕೂಡದು. ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಲೆಂದು ಶುದ್ಧೀಕರಣಾಗಾರದವರು ಕೊಬ್ಬಿನಾಮ್ಲಗಳು ಅಥವಾ ಅವುಗಳಿಂದಾದ ಎಸ್ಟರುಗಳನ್ನು ಲಕ್ಷಕ್ಕೆ ಹತ್ತಿಪ್ಪತ್ತು ಭಾಗಗಳಷ್ಟು ಕೂಡಿಸುತ್ತಾರೆ. ಹೀಗೆ ಡೀಸೆಲು ಒಣಗಿದ್ದು ನಿಜ. ಬಂಕಿಗೆ ಬರುವ ಮೊದಲೇ ಅದಕ್ಕೆ ಜಿಡ್ಡನ್ನು ಮರಳಿ ಕೊಟ್ಟಿರುವುದೂ ನಿಜ. ಎರಡನೆಯ ಸುದ್ದಿ ಮಾತ್ರ ಕಳಂಬೋಲಿಯವರೆಗೆ ತಲುಪಿಲ್ಲ.

ಇನ್ನು ಆ ಡಬ್ಬಿಯ ಕರಿಯ ಎಣ್ಣೆಯ ವಿಚಾರ. ಹಿಂದೆ ಇದನ್ನು ಮೂಢನಂಬಿಕೆಯೆನ್ನುವಂತಿರಲಿಲ್ಲ. ಅಮೆರಿಕದ ಕಮಿನ್ಸ್ ಸಂಸ್ಥೆಯು ಸೆಂಟಿನೆಲ್ ಎಂಬ ಹೆಸರಿನಿಂದ, ಎಂಜಿನ್ನಿನ ಬಳಸಿದ ಎಣ್ಣೆಯನ್ನು ಚೂರುಚೂರಾಗಿ ಇಂಧನದೊಡನೆ ಸುಟ್ಟು ಅದರ ಜಾಗಕ್ಕೆ ಹೊಸ ಎಣ್ಣೆಯನ್ನು ತುಂಬುವ ಸಾಧನವನ್ನೇ ಮಾರಾಟಕ್ಕೆ ಇಟ್ಟಿತ್ತು. ಆದರೆ ಕೀಲೆಣ್ಣೆಯಲ್ಲಿ ಕ್ಯಾಲ್ಸಿಯಂ, ಸತು, ರಂಜಕಗಳ ಸಂಯುಕ್ತಗಳಿರುತ್ತವೆ. ಸುಟ್ಟಾಗ ಇವು ಬೂದಿಯಾಗುತ್ತವೆ. ಹಳೆಯ ಲಾರಿಯಲ್ಲಿ ಆ ಬೂದಿ ಹೊಗೆಯೊಡನೆ ಹೊರಬಿದ್ದು ನಮ್ಮ ನಿಮ್ಮ ಶ್ವಾಸಕೋಶಗಳಿಗೆ ಸೇರುತ್ತಿತ್ತು; ಲಾರಿಗೆ ಅದರಿಂದ ನಷ್ಟವಿರಲಿಲ್ಲ. ಆರನೆಯ ಸ್ಟೇಜಿನ ಲಾರಿಯ ಹೊಗೆಕೊಳವೆಯಲ್ಲಿ ಜೇನುಗೂಡಿನಂತಹ ಪಿಂಗಾಣಿಯ ಸೋಸುಕವೊಂದಿದೆ. ಅದು ಮಸಿಯನ್ನು ಹಿಡಿದಿಟ್ಟು, ಆಗಾಗ ತನ್ನನ್ನು ತಾನೇ ಕಾಯಿಸಿಕೊಂಡು ಅದನ್ನು ಸುಟ್ಟುಬಿಡುತ್ತದೆ. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಸುಟ್ಟುದು ಇನ್ನೊಮ್ಮೆ ಸುಡುವುದೆಂತು? ತಿಂಗಳು ತಿಂಗಳಿಗೂ ಆ ಗೂಡಿನ ಕಿರುಕೋಣೆಗಳು ಕಟ್ಟುತ್ತ ಹೋಗಿ, ಎಂಜಿನ್ನು ಉಸಿರುಗಟ್ಟಿ, ಕೊನೆಗೆ ಸೋಸುಕವನ್ನೇ ಬದಲಾಯಿಸಬೇಕಾಗುತ್ತದೆ. ಒಂದೇ ಲಾರಿಯನ್ನು ಸಾಲದ ಮೇಲೆ ಕೊಂಡು ನಡೆಸುವವನಿಗೆ ಅದು ಕೆಲವು ತಿಂಗಳ ಗಳಿಕೆಯ ಮಾತು.

ಮನೆಮದ್ದುಗಳಲ್ಲಿ ಅತ್ಯಂತ ವಿನೋದದ್ದೆಂದರೆ ಡಾಂಬರು ಗುಳಿಗೆ, ನಮ್ಮ ಮನೆಗಳಲ್ಲಿ ರೇಶ್ಮೆ ಸೀರೆಗಳ ನಡುವೆ ಇಡುವ ನುಸಿಗುಳಿಗೆ. ಅದನ್ನು ಟಾಂಕಿಗೆ ಹಾಕಿದರೆ ‘ಪಿಕಪ್’ ಹೆಚ್ಚುತ್ತದೆಂಬ ಮಾತು ಪೆಟ್ರೋಲ್ ಗಾಡಿಗಳ ಕಾಲದಿಂದ ಬಂದುದು. ಅದರ ಮುಖ್ಯ ವಸ್ತುವಾದ ನ್ಯಾಫ್ತಲೀನಿಗೆ ಪೆಟ್ರೋಲಿನಲ್ಲಿ ಅಕಾಲದ ಸಿಡಿತವನ್ನು ತಡೆಯುವ ಗುಣವಿರುವುದರಿಂದ ಅಲ್ಲಿ ಆ ಮಾತಿಗೆ ಒಂದಿಷ್ಟು ಆಧಾರವಿತ್ತು. ಆದರೆ ಡೀಸೆಲಿಗೆ ಬೇಕಾದುದು ಇದಕ್ಕೆ ತೀರ ವಿರುದ್ಧವಾದ ಗುಣ. ಪೆಟ್ರೋಲು ಕಿಡಿ ಬೀಳುವವರೆಗೆ ಹೊತ್ತದೆ ಕಾಯಬೇಕು; ಡೀಸೆಲು ಕಾಯದೆ ಹೊತ್ತಬೇಕು. ಈ ಹೊತ್ತುವ ಚುರುಕನ್ನು ‘ಸೀಟೇನ್ ಸಂಖ್ಯೆ’ಯಿಂದ ಅಳೆಯುತ್ತಾರೆ. ಸೀಟೇನ್ ಎಂಬ ಹೈಡ್ರೋಕಾರ್ಬನ್ನಿಗೆ 100 ಎಂದೂ, ಹೊತ್ತಲು ಅತಿ ಸೋಮಾರಿಯಾದ ಇನ್ನೊಂದು ವಸ್ತುವಿಗೆ 0 ಎಂದೂ ಅಳತೆಗೋಲಿನ ಎರಡು ತುದಿಗಳನ್ನು ಗೊತ್ತುಮಾಡಿದರು. ಸೊನ್ನೆಗೆ ಆರಿಸಿದ ವಸ್ತು ಮೀಥೈಲ್ ನ್ಯಾಫ್ತಲೀನ್, ಎಂದರೆ ನುಸಿಗುಳಿಗೆಯ ಒಡಹುಟ್ಟು! 1962ರಲ್ಲಿ ಅದರ ಬದಲು ಬೇರೊಂದು ವಸ್ತುವನ್ನು 15 ಎಂಬ ಬೆಲೆಯೊಡನೆ ಅಳತೆಗೆ ತೆಗೆದುಕೊಂಡರಾದರೂ ಸೊನ್ನೆಯ ಗೌರವ ಅದಕ್ಕೇ ಉಳಿದಿದೆ. ಕನಿಷ್ಠ 51 ಇರಬೇಕೆಂಬ ನಿಯಮವುಳ್ಳ ನಮ್ಮ ಡೀಸೆಲಿಗೆ ನುಸಿಗುಳಿಗೆಯನ್ನು ಕೂಡಿಸುವುದೆಂದರೆ ಜಾಣ ಹುಡುಗನನ್ನು ಪರೀಕ್ಷೆಗೆ ಸಿದ್ಧಗೊಳಿಸಲು ಸೊನ್ನೆ ತೆಗೆದವನ ಹತ್ತಿರ ಪಾಠಕ್ಕೆ ಕಳುಹಿದಂತೆ. ಸೀಟೇನನ್ನು ನಿಜವಾಗಿ ಏರಿಸುವ ನೈಟ್ರೇಟ್ ಜಾತಿಯ ಪೂರಕಗಳಿವೆ. ಅವು ಹೆಚ್ಚು ಕಾದರೆ ತಮ್ಮಷ್ಟಕ್ಕೆ ಒಡೆದು ಉರಿಯುವ ಸ್ವಭಾವದವು, ಡಬ್ಬಿಯಲ್ಲಿ ಕಲಸುವ ವಸ್ತುಗಳಲ್ಲ.

ಚಳಿಯಲ್ಲಿ ಒಂದಿಷ್ಟು ಪೆಟ್ರೋಲ್ ಬೆರೆಸುವ ರೂಢಿ ಇದಕ್ಕಿಂತ ಅಪಾಯಕರ. ಪೆಟ್ರೋಲಿನ ಟಾಂಕಿಯಲ್ಲಿ ಆವಿ ಉರಿಯಲಾರದಷ್ಟು ದಟ್ಟವಾಗಿರುತ್ತದೆ, ಡೀಸೆಲಿನ ಟಾಂಕಿಯಲ್ಲಿ ಉರಿಯಲಾರದಷ್ಟು ತೆಳುವಾಗಿರುತ್ತದೆ. ಎರಡನ್ನೂ ಬೆರೆಸಿದಾಗ ಆವಿಯು ಸ್ಫೋಟಕ್ಕೆ ತಕ್ಕ ಹದಕ್ಕೆ ಬರಬಹುದು.

ಸೀಮೆಎಣ್ಣೆಯ ಕಥೆ ದೊಡ್ಡದು. ಅದಕ್ಕೆ ಒಂದು ಒಳ್ಳೆಯ ಮುಖವಿದೆ. ಡೀಸೆಲಿನಲ್ಲಿ ಕರಗಿರುವ ಮೇಣವು ಚಳಿಯಲ್ಲಿ ಹರಳುಗಟ್ಟಿ ಸೋಸುಕವನ್ನು ಮುಚ್ಚುತ್ತದೆ. ನಮ್ಮ ಬಯಲುಸೀಮೆಯಲ್ಲಿ ಈ ಕಷ್ಟವಿಲ್ಲ. ಲಡಾಖಿನಲ್ಲಿ ಉಷ್ಣತೆ ಸೊನ್ನೆಯ ಕೆಳಗೆ ಮೂವತ್ತು ಡಿಗ್ರಿಗೆ ಇಳಿಯುವಾಗ ಡೀಸೆಲು ಹೆಪ್ಪುಗಟ್ಟಿ ನಿಲ್ಲುತ್ತದೆ. ಅಲ್ಲಿನ ಚಾಲಕರು ಟಾಂಕಿಯ ಕೆಳಗೆ ಬೆಂಕಿ ಹಾಕಿ ಕಾಯಿಸುವುದೂ, ಡೀಸೆಲಿಗೆ ಸೀಮೆಎಣ್ಣೆಯನ್ನು ಬೆರೆಸಿ ತೆಳುಮಾಡುವುದೂ ರೂಢಿಯಾಗಿತ್ತು. 2019ರ ನವೆಂಬರದಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು ಸೊನ್ನೆಯ ಕೆಳಗೆ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲನ್ನು ಅಲ್ಲಿಗೆ ಒದಗಿಸಿದ ಮೇಲೆ ಆ ಕಾರಣ ಇಲ್ಲವಾಯಿತು.

ಉಳಿದ ಭಾರತದಲ್ಲಿ ಸೀಮೆಎಣ್ಣೆಯನ್ನು ಡೀಸೆಲಿಗೆ ಬೆರೆಸಿದ್ದು ಚಳಿಗಲ್ಲ, ಬೆಲೆಗೆ. ಬಡವರ ಒಲೆಗೆಂದು ರೇಶನ್ ಅಂಗಡಿಯಲ್ಲಿ ಅಗ್ಗವಾಗಿ ಕೊಡುತ್ತಿದ್ದ ನೀಲಿ ಸೀಮೆಎಣ್ಣೆಗೂ ಬಂಕಿನ ಡೀಸೆಲಿಗೂ ಇದ್ದ ಬೆಲೆಯ ಅಂತರವೇ ಒಂದು ವ್ಯಾಪಾರವಾಗಿ, ವ್ಯಾಪಾರವು ದಂಧೆಯಾಗಿ, ದಂಧೆ ಕೊಲೆಗಳಿಗೆ ಕಾರಣವಾಯಿತು. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಬೆಳೆದು, ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿತ ಎಸ್. ಮಂಜುನಾಥ್ ಇಂಡಿಯನ್ ಆಯಿಲ್ ಸಂಸ್ಥೆಯ ಮಾರಾಟದ ಅಧಿಕಾರಿಯಾಗಿ ಉತ್ತರಪ್ರದೇಶದ ಲಖೀಂಪುರ ಖೇರಿಗೆ ಹೋದರು. ಕಲಬೆರಕೆಯ ಇಂಧನ ಮಾರುತ್ತಿದ್ದ ಬಂಕಿಗೆ ಮೊಹರು ಹಾಕಿದ ಕಾರಣಕ್ಕಾಗಿ 2005ರ ನವೆಂಬರದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಅವರ ವಯಸ್ಸು 27. ನಮ್ಮಂತೆಯೇ ಹೊಟ್ಟೆಪಾಡಿಗಾಗಿ ಕರ್ನಾಟಕವನ್ನು ಬಿಟ್ಟು ಹೊರಟವರು. 2011ರ ಜನವರಿ 25ರಂದು ಮಾಲೆಗಾಂವಿಯ ಅಪರ ಜಿಲ್ಲಾಧಿಕಾರಿ ಯಶವಂತ ಸೋನಾವಣೆಯವರನ್ನು ಮನಮಾಡದ ಬಳಿ, ಎಣ್ಣೆಯ ಕಳ್ಳದಂಧೆಯನ್ನು ಹಿಡಿಯಹೋದಾಗ, ಜೀವಂತ ಸುಟ್ಟರು. ಮುಂಬಯಿಯ ಹಿರಿಯ ವಾಚಕರಿಗೆ ಆ ದಿನದ ನೆನಪಿದ್ದೀತು.

2014ರ ಅಕ್ಟೋಬರದಲ್ಲಿ ಡೀಸೆಲಿನ ಬೆಲೆ ಸರಕಾರದ ಹಿಡಿತದಿಂದ ಬಿಡುಗಡೆಯಾಯಿತು. ಸೀಮೆಎಣ್ಣೆಯ ಸಹಾಯಧನವೂ ಮುಂದಿನ ವರ್ಷಗಳಲ್ಲಿ ಕರಗಿಹೋಯಿತು. ದಂಧೆಯ ಬೇರು ಒಣಗಿದರೂ ‘ಹತ್ತಕ್ಕೊಂದು ಲೀಟರು ಸೀಮೆಎಣ್ಣೆ ಹಾಕಿದರೆ ನಾಜಲ್ ಸ್ವಚ್ಛವಾಗುತ್ತದೆ’ ಎಂಬ ಮಾತು ಉಳಿದಿದೆ. ಇದನ್ನು ಲೆಕ್ಕ ಹಾಕಿ ನೋಡಬಹುದು. ಸೀಮೆಎಣ್ಣೆಯಲ್ಲಿ ಗಂಧಕವು ಲಕ್ಷಕ್ಕೆ 200 ಭಾಗವಿದ್ದರೆ, ಹತ್ತರಲ್ಲಿ ಒಂದು ಪಾಲು ಬೆರೆಸಿದ ಮಿಶ್ರಣದಲ್ಲಿ ಅದು ಲಕ್ಷಕ್ಕೆ 20 ಭಾಗಕ್ಕಿಂತ ತುಸು ಮಿಗಿಲಾಗುತ್ತದೆ. ಈಗಿನ ಮಿತಿ 1. ಇಪ್ಪತ್ತು ಪಟ್ಟು! ಗಂಧಕವನ್ನು ಕಳೆಯಲು ಶುದ್ಧೀಕರಣಾಗಾರಗಳು ಮಾಡಿದ ಸಾವಿರಾರು ಕೋಟಿ ರೂಪಾಯಿಗಳ ವೆಚ್ಚವನ್ನು ಒಂದು ಕ್ಯಾನು ಸೀಮೆಎಣ್ಣೆ ಆ ಒಂದು ಲಾರಿಯ ಮಟ್ಟಿಗೆ ಅಳಿಸಿಬಿಡುತ್ತದೆ. ಮೇಲಾಗಿ ಸೀಮೆಎಣ್ಣೆ ಡೀಸೆಲಿಗಿಂತ ತೆಳು, ಜಿಡ್ಡಿನಲ್ಲಿ ಬಡವು, ಲೀಟರಿಗೆ ಶಕ್ತಿಯೂ ಕಡಿಮೆ. ಒಣ ಡೀಸೆಲಿನ ಬಗ್ಗೆ ದೂರುವವರೇ ಅದನ್ನು ಇನ್ನಷ್ಟು ಒಣಗಿಸುತ್ತಾರೆ.

ಸಸ್ಯತೈಲಗಳ ಬಗ್ಗೆ ಒಂದು ಐತಿಹ್ಯ ಪ್ರಚಾರದಲ್ಲಿದೆ: ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನನ್ನು ಕಡಲೆಕಾಯಿ ಎಣ್ಣೆಗಾಗಿಯೇ ರೂಪಿಸಿದನೆಂದು. ಅದು ಹಾಗಲ್ಲ. 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ಅವನ ಮೊದಲ ಯಶಸ್ವೀ ಎಂಜಿನ್ನು ನಡೆದದ್ದು ಖನಿಜತೈಲದಿಂದ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಓಟೋ ಕಂಪನಿಯ ಒಂದು ಚಿಕ್ಕ ಡೀಸೆಲ್ ಎಂಜಿನ್ನು ಕಡಲೆಕಾಯಿ ಎಣ್ಣೆಯಿಂದ ಓಡಿತು. ಆಫ್ರಿಕದ ವಸಾಹತುಗಳಲ್ಲಿ ಕಡಲೆಕಾಯಿ ಹೇರಳವಾಗಿದ್ದುದರಿಂದ ಫ್ರೆಂಚ್ ಸರಕಾರಕ್ಕೆ ಅದರಲ್ಲಿ ಆಸಕ್ತಿಯಿತ್ತು. ಡೀಸೆಲನೇ ಮುಂದೆ ಇದನ್ನು ಬರೆದು, ನೋಡಿದವರಲ್ಲಿ ಬಹುಮಂದಿಗೆ ಎಣ್ಣೆ ಬೇರೆಯೆಂಬುದು ತಿಳಿಯಲೂ ಇಲ್ಲವೆಂದಿದ್ದಾನೆ.

ನಮ್ಮಲ್ಲಿ ಹೊಂಗೆಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸರು ತುಮಕೂರು ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದಲೇ ಡೀಸೆಲ್ ಜನರೇಟರುಗಳನ್ನು ನಡೆಸಿ, ಊರಿನ ಹೊಲಗಳಿಗೆ ನೀರೆತ್ತಿಸಿ ತೋರಿಸಿದರು. ಒಂದೇ ವೇಗದಲ್ಲಿ ಒಂದೆಡೆ ನಿಂತು ಓಡುವ ಎಂಜಿನ್ನಿಗೆ ಇದು ಒಪ್ಪುತ್ತದೆ. ಲಾರಿಯ ಬದುಕು ಬೇರೆ: ಘಟ್ಟ ಹತ್ತಬೇಕು, ನಿಂತು ಕಾಯಬೇಕು, ತಣ್ಣಗಾಗಿ ಮತ್ತೆ ಹೊರಡಬೇಕು. ಹಸಿಯ ಹೊಂಗೆ ಎಣ್ಣೆಯ ಸ್ನಿಗ್ಧತೆ ಡೀಸೆಲಿನ ಹತ್ತು ಪಟ್ಟಿನ ಆಸುಪಾಸಿನದು. ನಾಜಲಿನಿಂದ ಅದು ಮಂಜಾಗಿ ಹೊಮ್ಮದೆ ಹನಿಯಾಗಿ ಬೀಳುತ್ತದೆ. ಅರೆಬೆಂದು ಇದ್ದಿಲಾಗಿ ನಾಜಲಿನ ತುದಿಗೆ ಕಚ್ಚುತ್ತದೆ. ಪಿಸ್ಟನ್ನಿನ ಉಂಗುರಗಳನ್ನು ಅಂಟಿಸುತ್ತದೆ. ಕೆಳಗಿಳಿದು ಕೀಲೆಣ್ಣೆಯನ್ನು ಬಂಕೆ ಮಾಡುತ್ತದೆ. ಮೆಥನಾಲ್ ಮತ್ತು ಕ್ಷಾರಗಳೊಡನೆ ಬೆರೆಸಿ, ಗ್ಲಿಸರಿನ್ನನ್ನು ಬೇರ್ಪಡಿಸಿ, ತೊಳೆದು ಒಣಗಿಸಿದರೆ ದೊರೆಯುವ ಎಸ್ಟರು, ಎಂದರೆ ಜೈವಿಕ ಡೀಸೆಲು, ಒಳ್ಳೆಯ ಇಂಧನ. ಆದರೆ ಹೊಂಗೆ ಎಣ್ಣೆಯಲ್ಲಿ ಬಿಡಿ ಆಮ್ಲ ಹೆಚ್ಚಿರುವುದರಿಂದ ಹಿತ್ತಿಲಲ್ಲಿ ಮಾಡಹೋದವರಿಗೆ ಅನೇಕ ವೇಳೆ ಡೀಸೆಲಿಗಿಂತ ಸಾಬೂನೇ ಹೆಚ್ಚಾಗಿ ದೊರೆಯುತ್ತದೆ. ಮೆಥನಾಲ್ ಕಣ್ಣನ್ನೂ ಪ್ರಾಣವನ್ನೂ ತೆಗೆಯುವ ವಿಷ. ಅದರ ಜ್ವಾಲೆ ಹಗಲಿನಲ್ಲಿ ಕಾಣುವುದೂ ಕಷ್ಟ.

ಕೀಲೆಣ್ಣೆಗೆ ಹಾಕುವ ಮದ್ದುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹರಳೆಣ್ಣೆ ನಿಜವಾಗಿ ಶ್ರೇಷ್ಠವಾದ ಜಿಡ್ಡು. ಮೊದಲ ಮಹಾಯುದ್ಧದ ವಿಮಾನಗಳ ಎಂಜಿನ್ನುಗಳು ಅದರ ಮೇಲೆಯೇ ಓಡಿದವು, ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಅದರಿಂದಲೇ. ಆದರೆ ಅದು ಖನಿಜತೈಲದೊಡನೆ ಸರಿಯಾಗಿ ಬೆರೆಯದು, ಬಿಸಿಯಲ್ಲಿ ಅಂಟಾಗುತ್ತದೆ. ಸವೆದ ಎಂಜಿನ್ನಿನ ಸದ್ದಡಗಿಸಲು ಗೇರ್ ಎಣ್ಣೆ ಬೆರೆಸುವುದು ಹಳೆಯ ಲಾರಿ ಮಾರುವವರ ಉಪಾಯ, ಕೊಳ್ಳುವವರು ಎಚ್ಚರದಿಂದಿರಬೇಕು. ಎಣ್ಣೆ ಬೇಗ ಕಪ್ಪಾಯಿತೆಂದು ಏನನ್ನಾದರೂ ಸುರಿಯುವವರು ಮಾತ್ರ ತಿಳಿಯಬೇಕಾದ ಸಂಗತಿಯೊಂದಿದೆ. ಮಸಿಯನ್ನು ಒಂದೆಡೆ ಗಟ್ಟಿಗೊಳ್ಳಗೊಡದೆ ತನ್ನಲ್ಲಿ ತೇಲಿಸಿಟ್ಟುಕೊಳ್ಳುವುದು ಡೀಸೆಲ್ ಎಂಜಿನ್ನಿನ ಎಣ್ಣೆಯ ಕೆಲಸ. ಕಪ್ಪಾದ ಎಣ್ಣೆ ತನ್ನ ಕೆಲಸ ಮಾಡುತ್ತಿದೆ.

ಹೊಸ ಕಾಲದ ಹೊಸ ಮನೆಮದ್ದೆಂದರೆ ಯೂರಿಯಾ ನೀರು. ಇದು ಇಂಧನಕ್ಕೆ ಸೇರುವುದಲ್ಲ, ಪ್ರತ್ಯೇಕವಾದ ಟಾಂಕಿಯಿಂದ ಹೊಗೆಗೆ ಸಿಂಪಡಿಸುವುದು. ಬಿಸಿಹೊಗೆಯಲ್ಲಿ ಯೂರಿಯಾ ಒಡೆದು ಅಮೋನಿಯವಾಗಿ, ವೇಗವರ್ಧಕದ ಮೇಲೆ ಸಾರಜನಕದ ವಿಷಾನಿಲಗಳನ್ನು ನಿರುಪದ್ರವಿಯಾದ ಸಾರಜನಕ ಮತ್ತು ನೀರಾಗಿ ಮಾರ್ಪಡಿಸುತ್ತದೆ. ಸುಮಾರು 20 ಲೀಟರು ಡೀಸೆಲಿಗೆ 1 ಲೀಟರು ಬೇಕು. ಅದರಲ್ಲಿ ಯೂರಿಯಾ ನೂರಕ್ಕೆ 32.5 ಭಾಗ, ಆ ಪ್ರಮಾಣದಲ್ಲಿಯೇ ಅದು ಅತಿ ಕಡಿಮೆ ಉಷ್ಣತೆಯಲ್ಲಿ, ಸೊನ್ನೆಯ ಕೆಳಗೆ 11 ಡಿಗ್ರಿಯಲ್ಲಿ, ಹೆಪ್ಪುಗಟ್ಟುತ್ತದೆ. ರೈತನ 45 ಕಿಲೋ ಯೂರಿಯಾ ಚೀಲವೊಂದರಿಂದ ಇಂತಹ ದ್ರವವನ್ನು 125 ಲೀಟರಿಗೂ ಹೆಚ್ಚು ಕಲಸಬಹುದೆಂಬ ಲೆಕ್ಕ ಹೆದ್ದಾರಿಯ ಢಾಬಾಗಳಲ್ಲಿ ಎಲ್ಲರಿಗೂ ಬಾಯಿಪಾಠ. ಆದರೆ ಗೊಬ್ಬರದಲ್ಲಿ ಬೈಯುರೆಟ್ ಎಂಬ ಕಲ್ಮಷ ನೂರಕ್ಕೆ ಒಂದೂವರೆ ಭಾಗದವರೆಗೆ ಇರಬಹುದು. ಈ ದ್ರವದಲ್ಲಿ ಅದು 0.3ನ್ನು ಮೀರಕೂಡದು. 2015ರಿಂದ ಗೊಬ್ಬರದ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪ ಕಡ್ಡಾಯವಾಗಿದೆ. ಇದರ ಮೇಲೆ ಕೊಳವೆಬಾವಿಯ ಗಡುಸುನೀರಿನ ಸುಣ್ಣ. ಇವೆಲ್ಲವೂ ಸೇರಿ ಸಿಂಪಡಿಸುವ ಬಾಯಿಯನ್ನು ಕಟ್ಟಿಸಿ, ವೇಗವರ್ಧಕದ ಮೈಯನ್ನು ಮುಚ್ಚುತ್ತವೆ. ಹೊಲಕ್ಕೆಂದು ಸರಕಾರದ ಸಹಾಯಧನದಿಂದ ಬಂದ ಚೀಲ ಹೀಗೆ ಹೊಲಕ್ಕೂ ದಕ್ಕದೆ, ಲಾರಿಗೂ ಆಗದೆ, ಎರಡು ಕಡೆ ನಷ್ಟವನ್ನು ತರುತ್ತದೆ.

ಮತ್ತೆ ಕಳಂಬೋಲಿಗೆ ಬರುತ್ತೇನೆ. ಇದರಲ್ಲಿ ಅರ್ಧದಷ್ಟನ್ನು ನನಗೆ ತಿಳಿದ ರೀತಿಯಲ್ಲಿ ಆ ಚಾಲಕರಿಗೆ ಹೇಳಿದೆನು. ಲಾರಿ 2021ರದು. ಮುಂದಿನ ಫಲಕದಲ್ಲಿ ಸೋಸುಕದ ಹಳದಿ ದೀಪ ಹದಿನೈದು ದಿನದಿಂದ ಉರಿಯುತ್ತಿದೆಯೆಂದು ಅವರೇ ತೋರಿಸಿದರು. ಜಿಡ್ಡು ಬೇಕೇ ಬೇಕೆಂದರೆ ಏನು ಮಾಡಬೇಕೆಂದು ಕೇಳಿದರು. ನೂರಕ್ಕೆ ಎರಡು ಭಾಗ ಜೈವಿಕ ಡೀಸೆಲ್ ಸೇರಿದರೂ ಜಿಡ್ಡು ಸಾಕಷ್ಟಾಗುತ್ತದೆ, ನಮ್ಮ ಮಾನಕ 7 ಭಾಗದವರೆಗೆ ಅದಕ್ಕೆ ಅವಕಾಶ ಕೊಟ್ಟಿದೆ, ಆದರೆ ಅದನ್ನು ಬೆರೆಸಬೇಕಾದವರು ನೀವಲ್ಲ, ಕಂಪನಿಯವರು ಎಂದೆನು. ನೀವು ಮಾಡಬೇಕಾದುದು ಡೀಸೆಲ್ ಫಿಲ್ಟರಿನ ತಳದ ನೀರನ್ನು ತಪ್ಪದೆ ಬಸಿಯುವುದು. ಅವರು ಸ್ವಲ್ಪ ಹೊತ್ತು ಯೋಚಿಸಿ ಡಬ್ಬಿಯ ಬಿರಡೆ ಹಾಕಿದರು.

“ಚೆಲ್ಲೂದ್ಯಾಕ್ರೀ ಸರ, ಊರಾಗ ಟ್ರ್ಯಾಕ್ಟರ್ ಐತಿ, ಅದಕ್ಕ ಹಾಕ್ತೀನಿ” ಎಂದರು.

ಯಾವ ವರ್ಷದ್ದೆಂದು ಕೇಳಿದೆ.

“ನಮ್ಮ ಅಪ್ಪಾರು ತಗೊಂಡಿದ್ರೀ, ತೊಂಬತ್ನಾಕರಾಗ.”